ಪಿರಹಾ ಭಾಷೆ ಮತ್ತು ಅದನ್ನಾಡುವ ಜನ: ಸ್ಥಾನಮಾನದ ಪ್ರಶ್ನೆ

1

ಭಾಷಾವಿಜ್ಞಾನದ ತರಗತಿಗಳಲ್ಲಿ ಕಳೆದ ಎರಡು ದಶಕಗಳಿಂದ ಒಂದು ಸಣ್ಣ ಭಾಷೆಯ ಹೆಸರು ಮತ್ತೆ ಮತ್ತೆ ಕೇಳಿಬರುತ್ತಿದೆ. ಬ್ರೆಜಿಲ್ ದೇಶದ ಅಮೆಜೋನಾಸ್ ರಾಜ್ಯದಲ್ಲಿ, ಮೈಸಿ ಎಂಬ ನದಿಯ ದಂಡೆಯಲ್ಲಿ ವಾಸಿಸುವ ಕೆಲವು ನೂರು ಜನರು ಆಡುವ ಪಿರಹಾ ಎಂಬ ಭಾಷೆ ಅದು. ಮೈಸಿ ನದಿ ಮಾರ್ಮೆಲೋಸ್ ನದಿಯನ್ನೂ, ಅದು ಮದೇಯ್ರಾ ನದಿಯನ್ನೂ ಸೇರುತ್ತದೆ. ಮದೇಯ್ರಾ ಅಮೆಜಾನಿನ ಮಹಾ ಉಪನದಿಗಳಲ್ಲಿ ಒಂದು. ಇಷ್ಟು ದೂರದ, ಇಷ್ಟು ಸಣ್ಣ ಜನಸಮುದಾಯದ ನುಡಿಯೊಂದು ಜಗತ್ತಿನ ಪ್ರಸಿದ್ಧ ವಿದ್ವಾಂಸರ ನಡುವೆ ಬಿರುಸಿನ ವಾಗ್ವಾದಕ್ಕೆ ಕಾರಣವಾದದ್ದು ಭಾಷಾಧ್ಯಯನದ ಚರಿತ್ರೆಯಲ್ಲಿ ಅಪರೂಪದ ಸಂಗತಿ.

ಆದರೆ ಈ ಪ್ರಸಿದ್ಧಿಯಿಂದ ಆ ಭಾಷೆಗೆ ದೊರೆತ ಸ್ಥಾನವೇನು? ಅದನ್ನು ಆಡುವ ಜನರಿಗೆ ದೊರೆತದ್ದೇನು? ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳುವವರು ಕಡಿಮೆ. ಭಾಷೆಯ ಸ್ಥಾನಮಾನ ಬೇರೆ, ಭಾಷಿಕರ ಸ್ಥಾನಮಾನ ಬೇರೆ ಎಂದು ನಾವು ನಮಗೆ ಅರಿವಿಲ್ಲದೆಯೇ ವಿಂಗಡಿಸಿಕೊಂಡಿದ್ದೇವೆ. ಈ ವಿಂಗಡಣೆ ತಪ್ಪು ಎಂಬುದು ನನ್ನ ಅಭಿಪ್ರಾಯ. ಅದನ್ನು ಪಿರಹಾ ಭಾಷೆಯ ನಿದರ್ಶನದಿಂದ ಸ್ಪಷ್ಟಪಡಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಹೆಸರಿನ ವಿಚಾರ. ‘ಪಿರಹಾ’ ಎಂಬುದು ಹೊರಗಿನವರು ಕರೆದ ಹೆಸರು. ಅವರು ತಮ್ಮನ್ನು ಕರೆದುಕೊಳ್ಳುವ ಪದಕ್ಕೆ ‘ನೇರವಾದವರು’ ಎಂಬ ಅರ್ಥವಿದೆಯೆಂದು ಅವರ ನಡುವೆ ದೀರ್ಘಕಾಲ ಬಾಳಿದ ಅಮೆರಿಕದ ಭಾಷಾವಿಜ್ಞಾನಿ ಡೇನಿಯಲ್ ಎವೆರೆಟ್ ತಿಳಿಸಿದ್ದಾರೆ. ತಮ್ಮ ನುಡಿ ಅವರಿಗೆ ‘ನೇರ ತಲೆ’. ಪೋರ್ಚುಗೀಸ್ ಆಗಲಿ, ಇಂಗ್ಲಿಷ್ ಆಗಲಿ, ಉಳಿದೆಲ್ಲ ನುಡಿಗಳೂ ‘ಸೊಟ್ಟ ತಲೆ’. ಇದನ್ನು ಓದಿ ನಗುವ ಮೊದಲು ನಾವು ಒಮ್ಮೆ ನಮ್ಮನ್ನೇ ಕೇಳಿಕೊಳ್ಳಬೇಕು. ತನ್ನ ನುಡಿಯೇ ಸರಿ, ಉಳಿದವರದು ಅಡ್ಡಾದಿಡ್ಡಿ ಎಂದುಕೊಳ್ಳದ ಜನ ಯಾರಿದ್ದಾರೆ? ವ್ಯತ್ಯಾಸ ಇಷ್ಟೇ: ದೊಡ್ಡ ಭಾಷೆಯ ಜನ ಹಾಗೆ ಅಂದುಕೊಂಡಾಗ ಅದು ಶಾಸನವಾಗುತ್ತದೆ, ಶಾಲೆಯ ಪಠ್ಯವಾಗುತ್ತದೆ, ಸಣ್ಣ ಭಾಷೆಯ ಜನ ಅಂದುಕೊಂಡಾಗ ಅದು ವಿದ್ವಾಂಸರ ಪುಸ್ತಕದಲ್ಲಿ ಒಂದು ಸ್ವಾರಸ್ಯವಾಗಿ ಉಳಿಯುತ್ತದೆ.

2

ಪಿರಹಾ ಭಾಷೆಯ ಬಗೆಗೆ ಹೊರಜಗತ್ತಿನಲ್ಲಿ ಪ್ರಚಾರವಾದದ್ದು ಹೆಚ್ಚಾಗಿ ‘ಇಲ್ಲ’ಗಳ ಪಟ್ಟಿ. ಅದರಲ್ಲಿ ಸಂಖ್ಯಾವಾಚಕಗಳಿಲ್ಲ, ಬಣ್ಣಗಳಿಗೆ ಪ್ರತ್ಯೇಕ ಪದಗಳಿಲ್ಲ, ಅಧೀನ ವಾಕ್ಯಗಳಿಲ್ಲ, ಅದನ್ನಾಡುವವರಲ್ಲಿ ಸೃಷ್ಟಿಯ ಕಥೆಗಳಿಲ್ಲ ಎಂಬಂಥ ಮಾತುಗಳು ಪತ್ರಿಕೆಗಳಲ್ಲಿ, ಜನಪ್ರಿಯ ಪುಸ್ತಕಗಳಲ್ಲಿ ಬಂದವು. ಇವುಗಳಲ್ಲಿ ಕೆಲವು ಸಂಶೋಧನೆಯಿಂದ ಬೆಂಬಲಿತವಾದವು, ಕೆಲವು ತೀವ್ರ ವಿವಾದಕ್ಕೆ ಒಳಗಾದವು. ಆದರೆ ಭಾಷೆಯೊಂದನ್ನು ಅದರಲ್ಲಿ ಇಲ್ಲದ್ದರ ಮೂಲಕ ವರ್ಣಿಸುವ ಕ್ರಮವೇ ಒಂದು ತೀರ್ಪನ್ನು ಒಳಗೊಂಡಿರುತ್ತದೆ. ವರ್ಣಿಸುವವನ ಭಾಷೆ ಅಲ್ಲಿ ಅಳತೆಗೋಲಾಗಿರುತ್ತದೆ. ಆದ್ದರಿಂದ ಆ ಭಾಷೆಯಲ್ಲಿ ಏನಿದೆ ಎಂಬುದನ್ನು ಮೊದಲು ನೋಡುವುದು ನ್ಯಾಯ.

ಪಿರಹಾದ ಧ್ವನಿಗಳು ಜಗತ್ತಿನಲ್ಲಿಯೇ ಅತ್ಯಂತ ಕಡಿಮೆ ಸಂಖ್ಯೆಯವು. ಮೂರು ಸ್ವರಗಳು, ಏಳೆಂಟು ವ್ಯಂಜನಗಳು. ಹೆಂಗಸರ ಮಾತಿನಲ್ಲಿ ವ್ಯಂಜನಗಳು ಇನ್ನೂ ಒಂದು ಕಡಿಮೆ. ಗಂಡಸರು ಸಕಾರ ಬಳಸುವ ಕಡೆ ಹೆಂಗಸರು ಹಕಾರ ಬಳಸುತ್ತಾರೆ. ಐವತ್ತು ಅಕ್ಷರಗಳ ವರ್ಣಮಾಲೆಯನ್ನು ಬಾಯಿಪಾಠ ಮಾಡಿ ಬೆಳೆದ ನಮಗೆ ಇದು ಬಡತನದಂತೆ ಕಾಣಬಹುದು. ಆದರೆ ಇದರ ಜೊತೆಗೆ ಎತ್ತರದ ದನಿ, ತಗ್ಗಿನ ದನಿ ಎಂಬ ಎರಡು ಶ್ರುತಿಗಳ ಭೇದ ಅರ್ಥಭೇದಕವಾಗಿದೆ; ಉಚ್ಚಾರಾಂಶಗಳ ಗುರುಲಘು ಭೇದವೂ ಆಘಾತವನ್ನು ನಿರ್ಣಯಿಸುತ್ತದೆ. ಛಂದಸ್ಸನ್ನು ಅಭ್ಯಾಸ ಮಾಡಿದ ನಮ್ಮ ವಿದ್ಯಾರ್ಥಿಗಳಿಗೆ ಈ ಕೊನೆಯ ಅಂಶ ವಿಶೇಷ ಆಸಕ್ತಿಯದು.

ಈ ವ್ಯವಸ್ಥೆಯ ಫಲವೆಂದರೆ, ವ್ಯಂಜನ ಸ್ವರಗಳನ್ನು ಪೂರ್ತಿಯಾಗಿ ಕೈಬಿಟ್ಟರೂ ಶ್ರುತಿ ಮತ್ತು ಲಯ ಎರಡರಿಂದಲೇ ಮಾತನ್ನು ತಲಪಿಸಲು ಸಾಧ್ಯವಾಗುತ್ತದೆ. ಬೇಟೆಗೆ ಹೋದ ಗಂಡಸರು ಕಾಡಿನಲ್ಲಿ ಪರಸ್ಪರ ಸಿಳ್ಳಿನಲ್ಲಿ ಮಾತನಾಡುತ್ತಾರೆ. ತಾಯಿ ಮಗುವಿನೊಡನೆ, ಅಥವಾ ಬಾಯಲ್ಲಿ ಊಟವಿರುವಾಗ, ಅಥವಾ ಇನ್ನೊಬ್ಬರಿಗೆ ಕೇಳಿಸಬಾರದೆಂದಾಗ, ಬಾಯಿ ಮುಚ್ಚಿ ಗುನುಗುತ್ತಲೇ ಮಾತು ಸಾಗುತ್ತದೆ. ಮಳೆಯ ಸದ್ದಿನಲ್ಲಿ, ನದಿಯ ಆಚೆ ದಡದವರೊಡನೆ ಕೂಗಿನ ನುಡಿ. ಇವು ಸಂಕೇತಗಳಲ್ಲ, ಸನ್ನೆಗಳಲ್ಲ. ಅದೇ ಭಾಷೆಯ, ಅದೇ ವಾಕ್ಯಗಳ ಬೇರೆ ಬೇರೆ ರೂಪಗಳು. ಒಂದೇ ಭಾಷೆಗೆ ಕಾಡಿನ, ಮನೆಯ, ನದಿಯ ನಡೆಗಳು ಬೇರೆ ಬೇರೆಯಾಗಿರುವುದು ಬಡತನದ ಲಕ್ಷಣವೆಂದು ಹೇಳುವವರು ಯಾರು?

ಕ್ರಿಯಾಪದದ ವಿಚಾರಕ್ಕೆ ಬಂದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಪಿರಹಾದ ಧಾತುವಿಗೆ ಒಂದರ ಮೇಲೊಂದರಂತೆ ಹತ್ತಾರು ಪ್ರತ್ಯಯಗಳು ಸೇರಬಲ್ಲವು. ಅವುಗಳಲ್ಲಿ ಬಹಳ ಮುಖ್ಯವಾದ ಒಂದು ವರ್ಗವು ಹೇಳುವವನಿಗೆ ಆ ಸಂಗತಿ ಹೇಗೆ ತಿಳಿಯಿತು ಎಂಬುದನ್ನು ಸೂಚಿಸುತ್ತದೆ. ಕಣ್ಣಾರೆ ಕಂಡದ್ದಾದರೆ ಒಂದು ಪ್ರತ್ಯಯ, ಇತರರು ಹೇಳಿ ಕೇಳಿದ್ದಾದರೆ ಇನ್ನೊಂದು, ಕುರುಹುಗಳಿಂದ ಊಹಿಸಿದ್ದಾದರೆ ಮತ್ತೊಂದು. ಕನ್ನಡಿಗರಿಗೆ ಇದು ಪೂರ್ತಿ ಹೊಸದಲ್ಲ. ‘ಮಳೆ ಬಂತು’, ‘ಮಳೆ ಬಂತಂತೆ’, ‘ಮಳೆ ಬಂದಿರಬೇಕು’ ಎಂಬ ಮೂರು ಮಾತುಗಳ ಅಂತರವನ್ನು ನಮ್ಮ ಮಕ್ಕಳೂ ಬಲ್ಲರು. ನಮ್ಮ ‘ಅಂತೆ’ಯನ್ನು ಇಂಗ್ಲಿಷಿಗೆ ತರಲು ಹೊರಟ ಅನುವಾದಕನಿಗೆ ಅದರ ಬೆಲೆ ಗೊತ್ತು. ಪಿರಹಾದಲ್ಲಿ ಈ ವಿವೇಕ ವ್ಯಾಕರಣದ ಒಳಗೇ ನೆಲೆಗೊಂಡಿದೆ. ಮಾತಿಗೆ ಸಾಕ್ಷಿ ಬೇಕು ಎಂಬುದು ಆ ಜನರ ಬಾಳಿನ ನಿಯಮವೂ ಹೌದು. ಧರ್ಮಪ್ರಚಾರಕ್ಕೆಂದೇ 1977ರಲ್ಲಿ ಅಲ್ಲಿಗೆ ಹೋದ ಎವೆರೆಟ್ ಕ್ರಿಸ್ತನ ವೃತ್ತಾಂತವನ್ನು ಹೇಳಿದಾಗ, ಅವನನ್ನು ನೀನು ಕಂಡಿದ್ದೀಯಾ ಎಂದು ಅವರು ಕೇಳಿದರು. ಕಂಡಿಲ್ಲವೆಂದು ತಿಳಿದ ಮೇಲೆ ಆಸಕ್ತಿ ಕಳೆದುಕೊಂಡರು. ಕಾಲಾನಂತರ ಎವೆರೆಟ್ ಅವರೇ ತಮ್ಮ ನಂಬಿಕೆಯನ್ನು ಬಿಟ್ಟರು. ಕಲಿಸಲು ಹೋದವರು ಕಲಿತು ಬಂದ ಪ್ರಸಂಗವಿದು.

ಸಂಖ್ಯೆಯ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಪಿರಹಾದ ಕೆಲವು ಪದಗಳು ಒಂದು, ಎರಡು, ಹಲವು ಎಂಬ ಅರ್ಥದವೆಂದು ಮೊದಲು ಭಾವಿಸಲಾಗಿತ್ತು. ಪೀಟರ್ ಗಾರ್ಡನ್ 2004ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯವನ್ನು ಜಗತ್ತಿನ ಮುಂದಿಟ್ಟವು. 2008ರಲ್ಲಿ ಮೈಕೆಲ್ ಫ್ರ್ಯಾಂಕ್ ಮತ್ತು ಸಂಗಡಿಗರು ಇನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿದರು. ಹತ್ತು ವಸ್ತುಗಳಿಂದ ಒಂದೊಂದನ್ನೇ ತೆಗೆಯುತ್ತ ಕೇಳಿದಾಗ, ‘ಒಂದು’ ಎಂದು ತಿಳಿಯಲಾಗಿದ್ದ ಪದವನ್ನು ಆರು ವಸ್ತುಗಳಿಗೂ ಅವರು ಬಳಸಿದರು. ಅಂದರೆ ಆ ಪದದ ಅರ್ಥ ‘ಒಂದು’ ಅಲ್ಲ, ‘ಕೊಂಚ’ ಎಂಬಂಥದ್ದು. ಆದರೆ ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಎದುರಿಗಿಟ್ಟ ವಸ್ತುಗಳಿಗೆ ಸರಿಯಾಗಿ ಅಷ್ಟೇ ವಸ್ತುಗಳನ್ನು ಜೋಡಿಸುವ ಕೆಲಸವನ್ನು ಅವರು ತಪ್ಪಿಲ್ಲದೆ ಮಾಡಿದರು. ವಸ್ತುಗಳನ್ನು ಮರೆಮಾಡಿ, ನೆನಪಿನಿಂದ ಮಾಡಬೇಕಾದಾಗ ಮಾತ್ರ ತೊಡಕಾಯಿತು. ಸಂಖ್ಯಾವಾಚಕವೆಂಬುದು ನೆನಪಿಗೆ ನೆರವಾಗುವ ಒಂದು ಸಾಧನ, ಬುದ್ಧಿಯ ಅಳತೆಯಲ್ಲ ಎಂಬುದು ಇದರಿಂದ ಸಿದ್ಧವಾಗುತ್ತದೆ. ಪ್ರಯೋಗದ ಈ ಎರಡನೆಯ ಭಾಗ ಮೊದಲನೆಯದರಷ್ಟು ಪ್ರಚಾರ ಪಡೆಯಲಿಲ್ಲ. ‘ಎಣಿಸಲು ಬಾರದ ಜನ’ ಎಂಬ ತಲೆಬರಹ ಓದುಗರನ್ನು ಸೆಳೆಯುತ್ತದೆ. ‘ಜೋಡಿಸಲು ಬಲ್ಲ ಜನ’ ಎಂಬುದು ಸೆಳೆಯುವುದಿಲ್ಲ.

3

ಪಿರಹಾವನ್ನು ವಿಶ್ವವಿದ್ಯಾನಿಲಯಗಳ ಚರ್ಚೆಯ ಕೇಂದ್ರಕ್ಕೆ ತಂದದ್ದು ವಾಕ್ಯರಚನೆಯ ಪ್ರಶ್ನೆ. ಮಾರ್ಕ್ ಹೌಸರ್, ನೋಮ್ ಚೋಮ್‌ಸ್ಕಿ ಮತ್ತು ಟೆಕಮ್ಸೆ ಫಿಚ್ 2002ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ರಚನೆಯೊಳಗೆ ಅದೇ ಬಗೆಯ ರಚನೆಯನ್ನು ಅಡಕಗೊಳಿಸುವ ಶಕ್ತಿಯೇ ಮನುಷ್ಯಭಾಷೆಯ ವಿಶಿಷ್ಟ ಗುಣವಿರಬಹುದೆಂದು ಊಹಿಸಿದ್ದರು. ಎವೆರೆಟ್ 2005ರಲ್ಲಿ ಪ್ರಕಟಿಸಿದ ದೀರ್ಘ ಲೇಖನದಲ್ಲಿ ಪಿರಹಾದಲ್ಲಿ ಇಂಥ ಅಡಕವಿಲ್ಲವೆಂದು ವಾದಿಸಿದರು. ‘ನೀನು ತಂದ ಮೀನು ಕೊಡು’ ಎಂದು ನಾವು ಒಂದೇ ವಾಕ್ಯದಲ್ಲಿ ಹೇಳುವುದನ್ನು ಅವರು ‘ಮೀನು ಕೊಡು, ನೀನು ಮೀನು ತಂದೆ, ಅದೇ ಮೀನು’ ಎಂಬ ರೀತಿಯಲ್ಲಿ ಬಿಡಿ ವಾಕ್ಯಗಳಲ್ಲಿ ಹೇಳುತ್ತಾರೆಂಬುದು ಅವರ ವಾದ. ನೇರ ಅನುಭವಕ್ಕೆ ನಿಲುಕುವುದನ್ನು ಮಾತ್ರ ಆಡಬೇಕೆಂಬ ಸಾಂಸ್ಕೃತಿಕ ನಿಯಮವೇ ಇದಕ್ಕೆ ಕಾರಣವೆಂದು ಅವರು ವಿವರಿಸಿದರು.

ಆಂಡ್ರೂ ನೆವಿನ್ಸ್, ಡೇವಿಡ್ ಪೆಸೆಟ್ಸ್ಕಿ ಮತ್ತು ಸಿಲೆನೆ ರೊಡ್ರಿಗೆಸ್ 2009ರಲ್ಲಿ ಇದಕ್ಕೆ ವಿಸ್ತಾರವಾದ ಪ್ರತ್ಯುತ್ತರ ಬರೆದರು. ಎವೆರೆಟ್ ಅವರೇ 1980ರ ದಶಕದಲ್ಲಿ ಬರೆದ ವ್ಯಾಕರಣದಲ್ಲಿ ಅಧೀನ ವಾಕ್ಯಗಳ ವಿವರಣೆಯಿದೆಯೆಂದು ಅವರು ತೋರಿಸಿದರು. ಪಿರಹಾದ ವಿಚಿತ್ರ ಲಕ್ಷಣಗಳೆಂದು ಹೇಳಲಾದವು ಜರ್ಮನ್‌ನಂಥ ಭಾಷೆಗಳಲ್ಲಿಯೂ ಉಂಟು. ಅವಕ್ಕೆ ಸಂಸ್ಕೃತಿಯ ಕಾರಣ ಹುಡುಕುವ ಅಗತ್ಯವಿಲ್ಲ ಎಂಬುದು ಅವರ ನಿಲುವು. ಒಂದು ವೇಳೆ ಪಿರಹಾದಲ್ಲಿ ಆ ಗುಣವಿಲ್ಲದಿದ್ದರೂ ಪಿರಹಾ ಮಗು ಪೋರ್ಚುಗೀಸನ್ನು ಕಲಿಯಬಲ್ಲದು. ಆದ್ದರಿಂದ ಸಾಮರ್ಥ್ಯದ ಬಗೆಗಿನ ಸಿದ್ಧಾಂತಕ್ಕೆ ಬಾಧೆಯಿಲ್ಲವೆಂದು ಚೋಮ್‌ಸ್ಕಿ ಪಕ್ಷದವರು ಉತ್ತರಿಸಿದರು. 2016ರಲ್ಲಿ ಸುಮಾರು ಒಂದು ಸಾವಿರ ಪಿರಹಾ ವಾಕ್ಯಗಳನ್ನು ವಿಶ್ಲೇಷಿಸಿದ ಅಧ್ಯಯನವೊಂದು ಅಡಕ ವಾಕ್ಯಗಳಿಗೆ ನಿಸ್ಸಂದಿಗ್ಧ ಪುರಾವೆ ದೊರೆಯಲಿಲ್ಲವೆಂದಿತು. ಅವು ಇಲ್ಲವೇ ಇಲ್ಲವೆಂದು ಹೇಳಲೂ ಆಗದು ಎಂದಿತು.

ಈ ವಾದದಲ್ಲಿ ಯಾರು ಗೆದ್ದರೆಂಬುದು ನನ್ನ ವಿಷಯವಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೊಂದು ಸಂಗತಿ. ಇಷ್ಟು ದೊಡ್ಡ ವಾಗ್ವಾದದಲ್ಲಿ ಮಾತನಾಡದೆ ಉಳಿದವರು ಆ ಭಾಷೆಯನ್ನಾಡುವ ಜನರೊಬ್ಬರೇ. ಅವರ ವಾಕ್ಯಗಳನ್ನು ಉದಾಹರಿಸಲಾಯಿತು, ಸಂಖ್ಯೆ ಕೊಟ್ಟು ಪಟ್ಟಿ ಮಾಡಲಾಯಿತು. ಅವರ ಅಭಿಪ್ರಾಯವನ್ನು ಕೇಳಲಿಲ್ಲ. ಕೇಳಲು ಭಾಷೆ ಬಲ್ಲ ಹೊರಗಿನವರು ಬೆರಳೆಣಿಕೆಯಷ್ಟು ಮಂದಿ. ವಾದದ ಎರಡೂ ಪಕ್ಷಗಳಲ್ಲಿ ಬಹುಪಾಲು ವಿದ್ವಾಂಸರು ಒಬ್ಬಿಬ್ಬರ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ನೆಚ್ಚಬೇಕಾಯಿತು. ಒಂದು ಜೀವಂತ ಭಾಷೆ ಹೀಗೆ ಸಿದ್ಧಾಂತವೊಂದರ ಸಾಕ್ಷ್ಯವಾಗಿ, ಸಾಕ್ಷ್ಯ ಬೇಡವಾದಾಗ ಮರೆವಿಗೆ ಸರಿಯುವಂಥದ್ದಾಗಿ ಪರಿಣಮಿಸಿತು. ಭಾಷೆಗೆ ಕೀರ್ತಿ ಬಂತು, ಭಾಷಿಕರಿಗೆ ಸ್ಥಾನ ಬರಲಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಸಣ್ಣ ಘಟನೆಯನ್ನು ಇಡಬೇಕು. 1980ರ ಸುಮಾರಿಗೆ ಪಿರಹಾ ಜನ ತಾವಾಗಿಯೇ ಎವೆರೆಟ್ ಕುಟುಂಬದವರ ಬಳಿಗೆ ಬಂದು ಎಣಿಕೆ ಕಲಿಸಿಕೊಡಿ ಎಂದು ಕೇಳಿದರು. ದೋಣಿಯಲ್ಲಿ ಬರುವ ವ್ಯಾಪಾರಿಗಳು ಕಾಡುತ್ಪತ್ತಿಗೆ ಸರಿಯಾದ ಬೆಲೆ ಕೊಡದೆ ವಂಚಿಸುತ್ತಿದ್ದಾರೆಂಬ ಸಂಶಯ ಅವರಿಗಿತ್ತು. ಎಂಟು ತಿಂಗಳ ಕಾಲ ಸಂಜೆಯ ತರಗತಿಗಳು ನಡೆದವು. ಯಾರೂ ಹತ್ತರವರೆಗೆ ಎಣಿಸಲು ಕಲಿಯಲಿಲ್ಲವೆಂದು ಎವೆರೆಟ್ ಬರೆದಿದ್ದಾರೆ. ಈ ಪ್ರಸಂಗವನ್ನು ಉದ್ಧರಿಸುವವರೆಲ್ಲ ಕೊನೆಯ ವಾಕ್ಯವನ್ನು ಮಾತ್ರ ಉದ್ಧರಿಸುತ್ತಾರೆ. ಅವರು ಕಲಿಯಬೇಕೆಂದು ಏಕೆ ಬಯಸಿದರು ಎಂಬುದು ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಸಂಗತಿ. ವ್ಯಾಪಾರದಲ್ಲಿ ನ್ಯಾಯ ಬೇಕೆಂಬುದು ಅವರ ಪ್ರಶ್ನೆಯಾಗಿತ್ತು. ನಾವು ಅದಕ್ಕೆ ಮನಶ್ಶಾಸ್ತ್ರದ ಉತ್ತರ ಕೊಟ್ಟೆವು.

4

ಪಿರಹಾ ಜನರ ಚರಿತ್ರೆ ಮುರಾ ಎಂಬ ದೊಡ್ಡ ಜನಸಮುದಾಯದ ಚರಿತ್ರೆಯೊಂದಿಗೆ ಬೆಸೆದುಕೊಂಡಿದೆ. ಹದಿನೆಂಟನೆಯ ಶತಮಾನದಲ್ಲಿ ಮದೇಯ್ರಾ ನದಿಯ ಉದ್ದಕ್ಕೂ ಮುರಾ ಜನರು ಪೋರ್ಚುಗೀಸರ ನೆಲೆಗಳನ್ನು ಎದುರಿಸಿ ನಿಂತರು. 1784ರಲ್ಲಿ ಅವರು ಶಾಂತಿಗೆ ಒಪ್ಪಿಕೊಂಡರು. ಮರುವರ್ಷವೇ, 1785ರಲ್ಲಿ, ಹೆನ್ರಿಕೆ ಜೊವಾವ್ ವಿಲ್ಕೆನ್ಸ್ ಎಂಬ ಸೇನಾಧಿಕಾರಿ ಮುರಾ ಜನರ ಮತಾಂತರವನ್ನು ಶ್ರದ್ಧೆಯ ವಿಜಯವೆಂದು ಕೊಂಡಾಡಿ ‘ಮುಹುರಾಯಿದಾ’ ಎಂಬ ವೀರಕಾವ್ಯವನ್ನು ಬರೆದ. ಅದು 1819ರಲ್ಲಿ ಅಚ್ಚಾಯಿತು. ಸೋತವರ ಬಗೆಗೆ ಗೆದ್ದವರ ಭಾಷೆಯಲ್ಲಿ ಕಾವ್ಯ ಹುಟ್ಟುವುದು ಚರಿತ್ರೆಯ ಹಳೆಯ ಪದ್ಧತಿ. 1835ರಿಂದ 1840ರವರೆಗೆ ನಡೆದ ಕಬನಾಜೆಮ್ ದಂಗೆಯಲ್ಲಿ ಮುರಾ ಜನ ಭಾಗವಹಿಸಿದರು. ಅದನ್ನು ಅಡಗಿಸಿದಾಗ ಅವರ ಮೇಲೆ ಬಿದ್ದ ಪೆಟ್ಟು ಭೀಕರವಾದದ್ದು.

ಭಾಷೆಯ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗಿತು. ಜೆಸ್ಯೂಟ್ ಪಾದ್ರಿಗಳು ಟುಪಿ ಮೂಲದ ಒಂದು ಸಾಮಾನ್ಯ ಭಾಷೆಯನ್ನು ಅಮೆಜಾನಿನಲ್ಲೆಲ್ಲ ಹರಡಿದ್ದರು; ಇಂದಿಗೂ ಉಳಿದಿರುವ ಅದರ ರೂಪಕ್ಕೆ ನ್ಯೆಂಗಾತು ಎಂದು ಹೆಸರು. 1757ರಲ್ಲಿ ಪೊಂಬಾಲನ ಆಡಳಿತವು ಅದನ್ನೂ ತಳ್ಳಿ, ಆದಿವಾಸಿಗಳು ಪೋರ್ಚುಗೀಸನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿತು. ಮುರಾ ಜನ ಮೊದಲು ಆ ಸಾಮಾನ್ಯ ಭಾಷೆಗೆ, ಬಳಿಕ ಪೋರ್ಚುಗೀಸಿಗೆ ಸರಿದರು. ಇಂದು ಮುರಾ ಸಮುದಾಯದವರೆಂದು ಹೇಳಿಕೊಳ್ಳುವವರು ಹತ್ತು ಸಾವಿರಕ್ಕಿಂತ ಹೆಚ್ಚು. ಆದರೆ ಅವರ ಮೂಲ ನುಡಿ ಅವರಲ್ಲಿ ಉಳಿದಿಲ್ಲ. ಅದೇ ಭಾಷಾವಂಶಕ್ಕೆ ಸೇರಿದ, ಮೈಸಿ ನದಿಯ ದಂಡೆಯಲ್ಲಿ ದೂರವಾಗಿ ಉಳಿದ ಕೆಲವು ನೂರು ಪಿರಹಾ ಜನರಲ್ಲಿ ಮಾತ್ರ ಆ ವಂಶದ ಒಂದು ಕವಲು ಬದುಕಿದೆ.

ಈ ಸಂಗತಿಯ ಮಹತ್ವವನ್ನು ನಾವು ನಿಧಾನವಾಗಿ ಗ್ರಹಿಸಬೇಕು. ಹತ್ತು ಸಾವಿರ ಜನರಿದ್ದೂ ಒಂದು ಭಾಷೆ ಇಲ್ಲವಾಯಿತು. ಕೆಲವು ನೂರು ಜನರಿದ್ದೂ ಇನ್ನೊಂದು ಉಳಿಯಿತು. ಪಿರಹಾ ಭಾಷೆ ಇಂದು ಮುದುಕರ ಬಾಯಲ್ಲಿ ಮಾತ್ರ ಉಳಿದ ಭಾಷೆಯಲ್ಲ. ಅಲ್ಲಿ ಹುಟ್ಟುವ ಪ್ರತಿ ಮಗುವೂ ಅದನ್ನೇ ಮೊದಲ ನುಡಿಯಾಗಿ ಕಲಿಯುತ್ತದೆ. ಬಹುಮಂದಿಗೆ ಬೇರೆ ನುಡಿ ಬಾರದು. ಆದ್ದರಿಂದ ಭಾಷೆಯ ಅಳಿವು ಉಳಿವನ್ನು ತಲೆಯೆಣಿಕೆಯಿಂದ ನಿರ್ಣಯಿಸುವುದು ಸರಿಯಲ್ಲ. ತಾಯಿ ಮಗುವಿನೊಡನೆ ಯಾವ ನುಡಿಯಲ್ಲಿ ಗುನುಗುತ್ತಾಳೆ ಎಂಬುದೇ ನಿರ್ಣಾಯಕ. ಭಾಷೆಗಳು ಮುಪ್ಪಿನಿಂದ ತಾವಾಗಿ ಸಾಯುತ್ತವೆ ಎಂಬಂತೆ ನಾವು ಮಾತನಾಡುತ್ತೇವೆ. ಮುರಾ ಭಾಷೆ ಮುಪ್ಪಿನಿಂದ ಸಾಯಲಿಲ್ಲ. ಯುದ್ಧ, ರೋಗ, ಆಜ್ಞೆ, ಅವಮಾನ ಇವು ಅದನ್ನಾಡುವವರ ಬಾಯಿ ಮುಚ್ಚಿಸಿದವು.

5

ಕಾನೂನಿನ ದೃಷ್ಟಿಯಿಂದ ಈ ಜನರ ಸ್ಥಾನವೇನು? ಬ್ರೆಜಿಲಿನ 1916ರ ನಾಗರಿಕ ಸಂಹಿತೆಯು ಆದಿವಾಸಿಗಳನ್ನು ಸ್ವತಂತ್ರವಾಗಿ ವ್ಯವಹರಿಸಲು ಪೂರ್ತಿ ಸಮರ್ಥರಲ್ಲದವರೆಂದು, ಪಾಲಕರ ಅಧೀನದಲ್ಲಿರಬೇಕಾದವರೆಂದು ಪರಿಗಣಿಸಿತ್ತು. 1988ರ ಸಂವಿಧಾನ ಈ ದೃಷ್ಟಿಯನ್ನು ಬದಲಿಸಿತು. ಅದರ 13ನೆಯ ವಿಧಿಯಂತೆ ಪೋರ್ಚುಗೀಸ್ ಗಣರಾಜ್ಯದ ಅಧಿಕೃತ ಭಾಷೆ. ಆದರೆ 210ನೆಯ ವಿಧಿ ಆದಿವಾಸಿ ಸಮುದಾಯಗಳಿಗೆ ಪ್ರಾಥಮಿಕ ಶಿಕ್ಷಣದಲ್ಲಿ ಮಾತೃಭಾಷೆಯನ್ನು ಬಳಸುವ ಹಕ್ಕನ್ನು, 231ನೆಯ ವಿಧಿ ಅವರ ಭಾಷೆ, ನಡವಳಿಕೆ, ನಂಬಿಕೆಗಳಿಗೆ ಮನ್ನಣೆಯನ್ನು ಹಾಗೂ ಪರಂಪರೆಯಿಂದ ನೆಲೆಸಿದ ನೆಲದ ಮೇಲೆ ಮೂಲ ಹಕ್ಕನ್ನು ನೀಡಿತು. ಭಾಷೆಯನ್ನೂ ನೆಲವನ್ನೂ ಒಂದೇ ವಿಧಿಯಲ್ಲಿ ಸೇರಿಸಿದ್ದು ವಿವೇಕದ ಕೆಲಸ. 1990ರ ದಶಕದಲ್ಲಿ ಪಿರಹಾ ಜನರ ನೆಲವನ್ನು, ಸುಮಾರು ಮೂರೂವರೆ ಲಕ್ಷ ಹೆಕ್ಟೇರ್‌ಗಳಷ್ಟನ್ನು, ಗಡಿ ಗುರುತಿಸಿ ಕೊಡಲಾಯಿತು. ಆ ಭಾಷೆ ಇಂದು ಉಳಿದಿರುವುದಕ್ಕೆ ಯಾವ ವ್ಯಾಕರಣಗ್ರಂಥಕ್ಕಿಂತಲೂ ಈ ನೆಲವೇ ಹೆಚ್ಚು ಆಧಾರ. ಮೀನು, ಬೇಟೆ, ಗೆಡ್ಡೆ, ಕಾಯಿಗಳಿಂದ ಬದುಕು ಸಾಗುವಲ್ಲಿ ಬೇರೆ ಭಾಷೆಯ ಹಂಗು ಬೇಕಿಲ್ಲ. ಆ ನೆಲ ಹೋದ ದಿನ ಪೇಟೆಯ ಅಂಚಿನ ಗುಡಿಸಲಿನಲ್ಲಿ ಅವರ ‘ನೇರ ತಲೆ’ ಎಷ್ಟು ದಿನ ಉಳಿದೀತು?

ಕಾನೂನು ಮನ್ನಿಸಿದರೂ ಜಗತ್ತು ಅವರನ್ನು ಅವರಷ್ಟಕ್ಕೆ ಬಿಟ್ಟಿಲ್ಲ. 1970ರ ದಶಕದಲ್ಲಿ ನಿರ್ಮಾಣವಾದ ಅಮೆಜಾನ್ ಹೆದ್ದಾರಿ ಮೈಸಿ ನದಿಯನ್ನು ದಾಟಿ ಹೋಗುತ್ತದೆ. 2012ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರದಲ್ಲಿ ಪಿರಹಾ ಗ್ರಾಮವೊಂದಕ್ಕೆ ವಿದ್ಯುತ್ತೂ ಶಾಲೆಯೂ ಬಂದದ್ದನ್ನು ಕಾಣಬಹುದು. ಶಾಲೆಯೊಂದಿಗೆ ಪೋರ್ಚುಗೀಸೂ ಅಂಕಿಗಳೂ ಬರುತ್ತವೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಪಿರಹಾ ಜನ ಏಕಭಾಷಿಕರಾಗಿ, ಹೊರಜಗತ್ತಿಗೆ ದೂರವಾಗಿ ಉಳಿಯಬೇಕೆಂದು ಬಯಸುವುದು ದೂರದಲ್ಲಿ ಕುಳಿತ ವಿದ್ವಾಂಸರ ಸ್ವಾರ್ಥವಲ್ಲವೆ? ಔಷಧ ಬೇಕಾದಾಗ, ವ್ಯಾಪಾರಿಯೊಡನೆ ಚೌಕಾಸಿ ಮಾಡಬೇಕಾದಾಗ, ಸರಕಾರದ ಮುಂದೆ ಅಹವಾಲು ಹೇಳಬೇಕಾದಾಗ ಪೋರ್ಚುಗೀಸ್ ಬಾರದಿರುವುದು ದೊಡ್ಡ ಕೊರತೆಯಲ್ಲವೆ? ಈ ಆಕ್ಷೇಪದಲ್ಲಿ ಸತ್ಯವಿದೆ. ಭಾಷೆಯೊಂದನ್ನು ಕಾಪಾಡುವ ಹೆಸರಿನಲ್ಲಿ ಅದನ್ನಾಡುವವರನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವ ಹಕ್ಕು ಯಾರಿಗೂ ಇಲ್ಲ. ಎಣಿಕೆ ಕಲಿಸಿ ಎಂದು ಕೇಳಿದವರೇ ಅವರು ಎಂಬುದನ್ನು ಮರೆಯಬಾರದು. ಆದರೆ ಒಂದು ಭಾಷೆಯನ್ನು ಇನ್ನೊಂದರ ಜೊತೆಗೆ ಸೇರಿಸಿಕೊಳ್ಳುವುದು ಬೇರೆ, ಒಂದನ್ನು ಕಿತ್ತು ಇನ್ನೊಂದನ್ನು ನೆಡುವುದು ಬೇರೆ. ಅಮೆಜಾನಿನಲ್ಲಿಯೇ ಇದಕ್ಕೆ ನಿದರ್ಶನವಿದೆ. ಉತ್ತರದ ಸಾವೊ ಗಾಬ್ರಿಯೆಲ್ ದಾ ಕಶ್ವೇಯ್ರಾ ಪುರಸಭೆಯು 2002ರಲ್ಲಿ ನ್ಯೆಂಗಾತು, ಟುಕಾನೊ ಮತ್ತು ಬನಿವಾ ಭಾಷೆಗಳಿಗೆ ಪೋರ್ಚುಗೀಸಿನ ಜೊತೆಗೆ ಅಧಿಕೃತ ಸ್ಥಾನ ನೀಡಿತು. 2023ರಲ್ಲಿ ಬ್ರೆಜಿಲಿನ ಸಂವಿಧಾನವೇ ನ್ಯೆಂಗಾತುವಿಗೆ ಅನುವಾದಗೊಂಡಿತು. ಆದಿವಾಸಿಯು ಕಚೇರಿಯ ಭಾಷೆಯನ್ನು ಕಲಿಯುವಂತೆ ಕಚೇರಿಯೂ ಆದಿವಾಸಿಯ ಭಾಷೆಯನ್ನು ಕಲಿಯಬೇಕೆಂಬ ತತ್ತ್ವ ಇದರ ಹಿಂದಿದೆ. ಪಿರಹಾ ಗ್ರಾಮಕ್ಕೆ ಹೋಗುವ ದಾದಿಗೆ, ಶಿಕ್ಷಕನಿಗೆ ಪಿರಹಾ ಬಾರದಿರುವುದು ಪಿರಹಾ ಜನರ ಕೊರತೆಯೆಂದು ನಾವು ಎಣಿಸುತ್ತೇವೆ. ಅದು ದಾದಿಯ, ಶಿಕ್ಷಕನ ಕೊರತೆಯೆಂದು ಎಣಿಸುವ ದಿನ ಬಂದರೆ ಸ್ಥಾನಮಾನ ಎಂಬ ಮಾತಿಗೆ ಅರ್ಥ ಬರುತ್ತದೆ.

6

ಈ ಸಂಪುಟದ ಓದುಗರು ಕನ್ನಡದ ವಿದ್ಯಾರ್ಥಿಗಳು, ಅಧ್ಯಾಪಕರು. ದಕ್ಷಿಣ ಅಮೆರಿಕದ ಕಾಡಿನ ಭಾಷೆಯೊಂದರಿಂದ ನಮಗೇನಾಗಬೇಕೆಂದು ಅವರು ಕೇಳಿದರೆ ಉತ್ತರ ಎರಡು.

ಒಂದು, ನಾವು ದೊಡ್ಡ ಭಾಷೆಯ ಜನ ಎಂಬ ನೆಲೆಯಿಂದ. 1961ರ ಜನಗಣತಿ ಭಾರತದಲ್ಲಿ 1652 ಮಾತೃಭಾಷೆಗಳನ್ನು ಪಟ್ಟಿ ಮಾಡಿತ್ತು. 1971ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ಪ್ರತ್ಯೇಕವಾಗಿ ತೋರಿಸುವುದನ್ನು ಬಿಡಲಾಯಿತು. 2011ರ ಗಣತಿಯ ಪಟ್ಟಿಯಲ್ಲಿ ಇರುವುದು 121 ಭಾಷೆಗಳು. ಪಿರಹಾ ಭಾರತದಲ್ಲಿದ್ದಿದ್ದರೆ ನಮ್ಮ ಪಟ್ಟಿಯಲ್ಲಿ ಅದಕ್ಕೆ ಹೆಸರೇ ಇರುತ್ತಿರಲಿಲ್ಲ. ಎಣಿಸಲು ಬಾರದವರು ಅವರೆಂದು ನಾವು ಹೇಳುತ್ತೇವೆ. ಅವರಂಥವರನ್ನು ಎಣಿಸದವರು ನಾವು. ಅಂಡಮಾನಿನ ಬೋ ಭಾಷೆಯ ಕೊನೆಯ ಭಾಷಿಕರಾದ ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡಾಗ ನಮ್ಮ ದೇಶದ ಭಾಷೆಯೊಂದು ಅವರೊಂದಿಗೇ ಹೋಯಿತು.

ಇನ್ನೂ ಹತ್ತಿರದ ನಿದರ್ಶನ ಬೇಕಾದರೆ ಕೊರಗ ಭಾಷೆ ಇದೆ. ಡಿ.ಎನ್. ಶಂಕರ ಭಟ್ಟರು ಅದನ್ನು ಅಭ್ಯಾಸ ಮಾಡಿ ಬರೆದ ವ್ಯಾಕರಣವನ್ನು ಪುಣೆಯ ಡೆಕ್ಕನ್ ಕಾಲೇಜು 1971ರಲ್ಲಿ ಪ್ರಕಟಿಸಿತು. ದ್ರಾವಿಡ ಭಾಷಾವಿಜ್ಞಾನದಲ್ಲಿ ಅಂದಿನಿಂದ ಕೊರಗ ಭಾಷೆಗೆ ಒಂದು ಸ್ಥಾನವಿದೆ. ಆದರೆ ಆ ಜನರನ್ನು ಅಮಾನುಷವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬರಲು 2000ನೆಯ ಇಸವಿಯವರೆಗೆ ಕಾಯಬೇಕಾಯಿತು. ಭಾಷೆಗೆ ಶಾಸ್ತ್ರದಲ್ಲಿ ಸ್ಥಾನ, ಭಾಷಿಕರಿಗೆ ಊರ ಹೊರಗೆ ಸ್ಥಾನ. ಮೈಸಿ ನದಿಯ ದಂಡೆಯಲ್ಲಿ ಕಂಡದ್ದು ನೇತ್ರಾವತಿಯ ದಂಡೆಗೂ ಹೊಸದಲ್ಲ. ಲಿಪಿ ಬಳಕೆಯಲ್ಲಿಲ್ಲವೆಂಬ ಕಾರಣಕ್ಕೆ ತುಳುವನ್ನು ಉಪಭಾಷೆಯೆಂದು ಕರೆದವರು ನಮ್ಮಲ್ಲಿಯೇ ಇದ್ದರು. ‘ಇಲ್ಲ’ಗಳ ಪಟ್ಟಿಯನ್ನು ಬರೆಯುವ ಅಭ್ಯಾಸ ಪರದೇಶದವರಿಗೆ ಮಾತ್ರ ಮೀಸಲಲ್ಲ.

ಎರಡನೆಯ ಉತ್ತರ, ನಾವು ಹೊರನಾಡಿನ ಕನ್ನಡಿಗರು ಎಂಬ ನೆಲೆಯಿಂದ. ಇಲ್ಲಿ ಹೋಲಿಕೆಯನ್ನು ಎಳೆದಾಡಬಾರದು. ನಾಲ್ಕು ಕೋಟಿಗೂ ಮಿಕ್ಕಿದ ಜನರ, ಒಂದು ರಾಜ್ಯದ, ಸಾವಿರ ವರ್ಷಗಳಿಗೂ ಮೀರಿದ ಸಾಹಿತ್ಯದ ಬೆಂಬಲವಿರುವ ಕನ್ನಡವನ್ನು ಪಿರಹಾದ ಸ್ಥಿತಿಗೆ ಹೋಲಿಸಿ ಕಣ್ಣೀರಿಡುವುದು ಆ ಜನರಿಗೆ ಮಾಡುವ ಅಪಚಾರ. 2011ರ ಗಣತಿಯಂತೆ ಮಹಾರಾಷ್ಟ್ರವೊಂದರಲ್ಲಿಯೇ ಕನ್ನಡ ಮಾತೃಭಾಷಿಕರು ಹತ್ತು ಲಕ್ಷದ ಆಸುಪಾಸು ಇದ್ದರು. ಆದರೂ ಪಿರಹಾ ಮತ್ತು ಮುರಾ ಜನರ ಚರಿತ್ರೆ ನಮಗೊಂದು ಪಾಠ ಹೇಳುತ್ತದೆ: ಸಂಖ್ಯೆ ರಕ್ಷೆಯಲ್ಲ. ಮುಂಬಯಿಯ ಮನೆಗಳಲ್ಲಿ ಅಜ್ಜಿ ತುಳುವಿನಲ್ಲಿಯೋ ಕನ್ನಡದಲ್ಲಿಯೋ ಕೇಳಿದ್ದಕ್ಕೆ ಮೊಮ್ಮಗ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಉತ್ತರಿಸುವುದನ್ನು ನಾವೆಲ್ಲ ಕೇಳಿದ್ದೇವೆ. ಹಗಲು ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತ ತಲೆಮಾರಿನ ಮಕ್ಕಳ ಮಕ್ಕಳು ಇವರು. ಮೈಸಿಯ ದಂಡೆಯ ಮಗುವಿಗೆ ಆಜ್ಞೆಯ, ಯುದ್ಧದ ಭಯವಿತ್ತು. ನಮ್ಮ ಮನೆಗಳಲ್ಲಿ ಯಾರ ಆಜ್ಞೆಯೂ ಇಲ್ಲ. ಸಭೆಗಳಲ್ಲಿ ಕನ್ನಡದ ಹಿರಿಮೆಯನ್ನು ಹೊಗಳುವ ನಾವು ಮನೆಯಲ್ಲಿ ಅದನ್ನು ಬಿಡುತ್ತಿರುವುದು ನಮ್ಮದೇ ಇಚ್ಛೆಯಿಂದ. ಈ ಮಾತನ್ನು ಇತರರಿಗೆ ಹೇಳುವಾಗ ನನ್ನ ಮನೆಯನ್ನು ಹೊರತುಪಡಿಸಿ ಹೇಳುತ್ತಿಲ್ಲ.

ಒಟ್ಟಿನಲ್ಲಿ, ಭಾಷೆಯ ಸ್ಥಾನಮಾನವನ್ನು ಅಳೆಯಲು ನಾವು ಬಳಸುತ್ತ ಬಂದ ಗೋಲುಗಳು — ಜನಸಂಖ್ಯೆ, ಲಿಪಿ, ವ್ಯಾಕರಣದ ಜಟಿಲತೆ, ವಿದ್ವತ್ಪತ್ರಿಕೆಗಳಲ್ಲಿ ಸಿಕ್ಕ ಪ್ರಸಿದ್ಧಿ — ಸಾಲವು. ಆ ನುಡಿಯನ್ನಾಡುವವರಿಗೆ ಅದನ್ನಾಡುತ್ತಲೇ ಬದುಕಲು ನೆಲವಿದೆಯೆ? ತಮ್ಮ ಬಗೆಗೆ ಬರೆದದ್ದಕ್ಕೆ ಉತ್ತರ ಹೇಳುವ ಅವಕಾಶವಿದೆಯೆ? ಅವರ ಮಕ್ಕಳಿಗೆ ಅದನ್ನಾಡಲು ನಾಚಿಕೆಯಾಗದಂಥ ವಾತಾವರಣವಿದೆಯೆ? ಈ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ಸ್ಥಾನಮಾನ. ವಿಶ್ವಸಂಸ್ಥೆಯು 2022ರಿಂದ 2032ರವರೆಗಿನ ಅವಧಿಯನ್ನು ಆದಿವಾಸಿ ಭಾಷೆಗಳ ದಶಕವೆಂದು ಸಾರಿದೆ. ಇದರ ನೆಪದಲ್ಲಿ ನಮ್ಮ ಕನ್ನಡ ವಿಭಾಗಗಳು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಕನ್ನಡದ ನೆರೆಯಲ್ಲಿ ಬಾಳುವ ಸಣ್ಣ ನುಡಿಗಳ ಮೇಲೆ ಪ್ರಬಂಧ ಬರೆಯುವ ವಿದ್ಯಾರ್ಥಿಯು ಮೊದಲು ಆ ನುಡಿಯನ್ನಾಡಲು ಕಲಿಯಲಿ. ಬರೆದದ್ದನ್ನು ಆ ಜನರ ಮುಂದೆ ಓದಿ ಹೇಳಲಿ. ಅವರ ಆಕ್ಷೇಪಗಳಿಗೆ ಪ್ರಬಂಧದಲ್ಲಿಯೇ ಸ್ಥಳ ಕೊಡಲಿ. ನಾವು ಹೇಳಿದ್ದನ್ನು ನಾವು ಕಂಡಿದ್ದೇವೆಯೆ, ಕೇಳಿದ್ದೇವೆಯೆ, ಊಹಿಸಿದ್ದೇವೆಯೆ ಎಂದು ಅವರು ವಿಚಾರಿಸಬಹುದು. ಪಿರಹಾ ಜನ ವಿಚಾರಿಸಿದ್ದೂ ಅದನ್ನೇ. ಆ ಪ್ರಶ್ನೆಗೆ ಸಿದ್ಧನಾಗಿ ಹೋಗುವವನೇ ನಿಜವಾದ ವಿದ್ವಾಂಸ.